ತೆರೆದ ಹೊತ್ತು ಬರೆದಿದೆಯೇ? ಮಕ್ಕಳ ಲಸಿಕೆಯ ಸುರಕ್ಷತೆ: ಒಂದು ವಿಮರ್ಶೆ

ರನ್ನ ಬೆಳಗಲಿ ಎಂದೊಡನೆ ನಮಗೆ ನೆನಪಾಗುವುದು ಕವಿ ರನ್ನ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಈ ಊರಿನ ಬಳೆಗಾರರ ಮನೆಯಲ್ಲಿ ಹತ್ತನೆಯ ಶತಮಾನದಲ್ಲಿ ಹುಟ್ಟಿದ ರನ್ನ ತನ್ನ ‘ಗದಾಯುದ್ಧ’ದಲ್ಲಿ ಸಿಂಹಾವಲೋಕನ ಕ್ರಮವನ್ನು ಅನುಸರಿಸಿದ. ಸಿಂಹ ಮುಂದೆ ನಡೆಯುತ್ತಲೇ ಆಗಾಗ ಹಿಂದಿರುಗಿ ನೋಡುತ್ತದಂತೆ. ಹಾಗೆಯೇ ಭೀಮ ದುರ್ಯೋಧನರ ಕೊನೆಯ ಕಾಳಗದ ಕಥೆ ಹೇಳುತ್ತ, ಅಲ್ಲಿಗೆ ಬಂದು ಮುಟ್ಟಿದ್ದು ಹೇಗೆ ಎಂದು ಹಿಂದಿನ ಭಾರತವನ್ನೆಲ್ಲ ತಿರುಗಿ ನೋಡುವ ಕ್ರಮ ಅದು.

ವಿಜ್ಞಾನ ಪತ್ರಿಕೆಯಲ್ಲಿ ಕಾವ್ಯದ ಮಾತೇಕೆ ಎಂದು ನೀವು ಕೇಳಬಹುದು. ಒಂದು ಅವಘಡ ನಡೆದಾಗ ಕೊನೆಯ ಕ್ಷಣವನ್ನಷ್ಟೇ ನೋಡಬೇಕೇ, ಅಲ್ಲಿಗೆ ಬಂದ ದಾರಿಯನ್ನೆಲ್ಲ ನೋಡಬೇಕೇ ಎಂಬುದೇ ಈ ಲೇಖನದ ವಿಷಯ. ಮಕ್ಕಳ ಆರೋಗ್ಯ ಸೇವೆಯ ಗುಣಮಟ್ಟ ಸುಧಾರಿಸುವುದೂ ಸುಧಾರಿಸದೇ ಇರುವುದೂ ನಾವು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಅವಲಂಬಿಸಿದೆ.

ಪಕ್ಕದ ತಾಲ್ಲೂಕಿನಲ್ಲಿ ನಡೆದದ್ದು

ಮುಧೋಳ ತಾಲ್ಲೂಕಿನ ಗಡಿ ದಾಟಿದರೆ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕು. 2022ರ ಜನವರಿ ಎರಡನೆಯ ವಾರದಲ್ಲಿ ಅಲ್ಲಿನ ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯ ಹಳ್ಳಿಗಳಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆ (ಎಂ.ಆರ್. ಲಸಿಕೆ) ಹಾಕಿಸಿಕೊಂಡ ಕೆಲವು ಮಕ್ಕಳು ತೀವ್ರ ಅಸ್ವಸ್ಥರಾದರು. ಅವರಲ್ಲಿ ಮೂವರು ತೀರಿಕೊಂಡರು. ಮೂವರೂ ಒಂದೂವರೆ ವರ್ಷದೊಳಗಿನ ಕೂಸುಗಳು. ಲಸಿಕೆಯ ಸೀಸೆಗಳನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇರಿಸಲಾಗಿತ್ತು ಎಂಬ ಸಂಗತಿ ಪ್ರಾಥಮಿಕ ವಿಚಾರಣೆಯ ವೇಳೆ ಹೊರಬಂತು. ಇಬ್ಬರು ಸಿಬ್ಬಂದಿಯನ್ನು ಅಮಾನತು ಮಾಡಲಾಯಿತು. ಸರ್ಕಾರ ತನಿಖೆಗೆ ಆದೇಶಿಸಿತು.

ಇದನ್ನು ಓದಿದ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬಂದದ್ದು ಒಂದೇ ಮಾತು: ‘ಎಂಥ ನಿರ್ಲಕ್ಷ್ಯ!’ ಆ ಮಾತಿನಲ್ಲಿ ಸತ್ಯವಿದೆ. ಆದರೆ ಅದು ಗದಾಯುದ್ಧದ ಕೊನೆಯ ಪೆಟ್ಟನ್ನು ಮಾತ್ರ ನೋಡಿದಂತೆ. ಲಸಿಕೆಯ ಸೀಸೆ ಹೋಟೆಲಿನ ಫ್ರಿಜ್‌ಗೆ ಹೋದದ್ದು ಏಕೆ? ಅದಕ್ಕೆ ಮೊದಲು ಏನೇನು ತಪ್ಪಿರಬಹುದು? ಹಿಂದಿರುಗಿ ನೋಡೋಣ.

ಸೀಸೆಯೊಳಗಿನ ವಿಜ್ಞಾನ

ಮೊದಲು ಒಂದು ಮಾತು ಸ್ಪಷ್ಟವಿರಲಿ. ನಮ್ಮ ಕಡೆ ಗೊಬ್ಬರ ಎಂದು ಕರೆಯುವ ದಡಾರ ಸಾಮಾನ್ಯ ರೋಗವಲ್ಲ. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 18 ಮಂದಿಗೆ ಅದನ್ನು ಅಂಟಿಸಬಲ್ಲ. 2000ದಿಂದ 2023ರವರೆಗೆ ದಡಾರ ಲಸಿಕೆ ಜಗತ್ತಿನಲ್ಲಿ ಸುಮಾರು 6 ಕೋಟಿ ಸಾವುಗಳನ್ನು ತಪ್ಪಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕರ್ನಾಟಕದಲ್ಲಿ 2017ರ ಫೆಬ್ರುವರಿಯಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೆ ಎಂ.ಆರ್. ಲಸಿಕೆ ಹಾಕುವ ಅಭಿಯಾನ ನಡೆಯಿತು. ಈಗ ಅದನ್ನು 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಹಾಕುತ್ತಾರೆ. ಲಸಿಕೆ ಬೇಡ ಎನ್ನುವುದಕ್ಕೆ ಈ ಲೇಖನ ಆಧಾರವಾಗಬಾರದು. ಲಸಿಕೆ ಬೇಕೇ ಬೇಕು. ಆದ್ದರಿಂದಲೇ ಅದನ್ನು ಕೊಡುವ ಕ್ರಮದ ಬಗೆಗೆ ಕಟುವಾಗಿ ಮಾತನಾಡಬೇಕಾಗಿದೆ.

ಎಂ.ಆರ್. ಲಸಿಕೆಯಲ್ಲಿರುವುದು ಬಲಗುಂದಿಸಿದ, ಆದರೆ ಜೀವಂತ ವೈರಸ್. ಅದು ಸೀಸೆಯಲ್ಲಿ ಒಣಪುಡಿಯ ರೂಪದಲ್ಲಿ ಬರುತ್ತದೆ. ಹಾಕುವ ಮೊದಲು ಜೊತೆಯಲ್ಲಿ ಬಂದ ದ್ರಾವಕ ಬೆರೆಸಬೇಕು. ಬೇರೆ ಕೆಲವು ಲಸಿಕೆಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವ ಸಂರಕ್ಷಕ ವಸ್ತು ಇರುತ್ತದೆ. ಇದರಲ್ಲಿ ಹಾಕುವಂತಿಲ್ಲ. ಹಾಕಿದರೆ ಲಸಿಕೆಯ ವೈರಸ್ಸೇ ಸಾಯುತ್ತದೆ. ಅಂದರೆ ದ್ರಾವಕ ಬೆರೆಸಿದ ಕ್ಷಣದಿಂದ ಆ ಸೀಸೆ ಕಾವಲುಗಾರನಿಲ್ಲದ ಮನೆ.

ಸೂಜಿ ಚುಚ್ಚುವಾಗ, ಕೈ ತಗಲಿದಾಗ ಚರ್ಮದ ಮೇಲಿನ ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯ ಒಳಸೇರಬಹುದು. ಬೆಚ್ಚಗಿನ ಪರಿಸರದಲ್ಲಿ ಅದು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದು ಜೀವಿ 4 ಗಂಟೆಯಲ್ಲಿ 256 ಆಗುತ್ತದೆ. 8 ಗಂಟೆಯಲ್ಲಿ 65,536. 12 ಗಂಟೆಯಲ್ಲಿ 1 ಕೋಟಿ 67 ಲಕ್ಷ ದಾಟುತ್ತದೆ. ಬೆಳೆಯುತ್ತ ಅದು ವಿಷವಸ್ತುವನ್ನೂ ಸ್ರವಿಸಬಲ್ಲದು. ಆಮೇಲೆ ಸೀಸೆಯನ್ನು ಎಂಥ ತಣ್ಣನೆಯ ಫ್ರಿಜ್‌ನಲ್ಲಿಟ್ಟರೂ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಆಗಲೇ ಹುಟ್ಟಿದ ವಿಷ ಹೋಗುವುದಿಲ್ಲ. ತಂಪು ಲಸಿಕೆಯನ್ನು ಕಾಯುತ್ತದೆ, ಶುದ್ಧಗೊಳಿಸುವುದಿಲ್ಲ. ಇದನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ.

ಆದ್ದರಿಂದಲೇ ನಿಯಮ ಹೀಗಿದೆ: ದ್ರಾವಕ ಬೆರೆಸಿದ ಎಂ.ಆರ್. ಸೀಸೆಯನ್ನು 4 ಗಂಟೆಯೊಳಗೆ ಅಥವಾ ಆ ದಿನದ ಲಸಿಕೆ ಕಾರ್ಯ ಮುಗಿಯುವುದರೊಳಗೆ, ಯಾವುದು ಮೊದಲೋ ಆಗ, ಬಳಕೆಯಿಂದ ತೆಗೆದುಬಿಡಬೇಕು. ಬಿ.ಸಿ.ಜಿ. ಲಸಿಕೆಗೂ ಇದೇ ನಿಯಮ. ಪೋಲಿಯೊ ಹನಿಯಂಥ ಕೆಲವು ಲಸಿಕೆಗಳ ತೆರೆದ ಸೀಸೆಯನ್ನು ನಿಯಮಬದ್ಧವಾಗಿ ಇಟ್ಟು ಮುಂದಿನ ಬಾರಿಯೂ ಬಳಸಬಹುದು, ಇವನ್ನು ಬಳಸುವಂತಿಲ್ಲ. ಒಂದೇ ಡಬ್ಬಿಯಲ್ಲಿ ಎರಡು ಬಗೆಯ ಸೀಸೆಗಳು, ಎರಡು ಬಗೆಯ ನಿಯಮಗಳು. ಗೊಂದಲದ ಮೊದಲ ಬೀಜ ಇಲ್ಲಿದೆ.

ಬಂಡಬರ್ಗ್ ಕಲಿಸಿದ ಪಾಠ

ಇದು ಹೊಸ ತಿಳಿವಳಿಕೆಯಲ್ಲ. 1928ರ ಜನವರಿ 27ರಂದು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದ ಬಂಡಬರ್ಗ್ ಎಂಬ ಊರಿನಲ್ಲಿ 21 ಮಕ್ಕಳಿಗೆ ಗಂಟಲಮಾರಿ (ಡಿಫ್ತೀರಿಯ) ತಡೆಯುವ ಚುಚ್ಚುಮದ್ದು ಹಾಕಲಾಯಿತು. ಅವರಲ್ಲಿ 18 ಮಕ್ಕಳು ಕಾಯಿಲೆ ಬಿದ್ದರು, 12 ಮಕ್ಕಳು ಸತ್ತರು. ಅದೇ ಸೀಸೆಯಿಂದ ಅದೇ ತಿಂಗಳು ಮೊದಲು ಮದ್ದು ಪಡೆದ ಮಕ್ಕಳಿಗೆ ಏನೂ ಆಗಿರಲಿಲ್ಲ. ಬಂಡಬರ್ಗ್ ಕೂಡ ನಮ್ಮ ಮುಧೋಳ ಸೀಮೆಯಂತೆ ಕಬ್ಬಿನ ನಾಡು. ಜನವರಿ ಅಲ್ಲಿ ಕಡು ಬೇಸಿಗೆ.

ತನಿಖೆಗೆ ರಾಯಲ್ ಆಯೋಗವೊಂದು ನೇಮಕವಾಯಿತು. ಮೆಲ್ಬರ್ನ್‌ನ ಸಂಶೋಧನಾಲಯದಲ್ಲಿ ಆ ಕೆಲಸಕ್ಕೆ ನೆರವಾದ ಯುವ ವಿಜ್ಞಾನಿ ಮ್ಯಾಕ್‌ಫರ್ಲೇನ್ ಬರ್ನೆಟ್. ಮುಂದೆ 1960ರಲ್ಲಿ ನೊಬೆಲ್ ಪಡೆದವರು. ಸೀಸೆಯಲ್ಲಿ ಸ್ಟೆಫೈಲೊಕಾಕಸ್ ಬೆಳೆದಿತ್ತು, ಮದ್ದಿನಲ್ಲಿ ಸಂರಕ್ಷಕ ಇರಲಿಲ್ಲ, ಹಲವು ದಿನ ಒಂದೇ ಸೀಸೆ ಬಳಕೆಯಾಗಿತ್ತು ಎಂಬುದು ತಿಳಿಯಿತು. ಆಯೋಗ ಅಷ್ಟಕ್ಕೇ ನಿಲ್ಲಲಿಲ್ಲ. ರೋಗಾಣು ಬೆಳೆಯಬಹುದಾದ ಇಂಥ ಮದ್ದನ್ನು ಸಾಕಷ್ಟು ಸಂರಕ್ಷಕವಿಲ್ಲದೆ ಹಲವು ಬಾರಿ ಬಳಸುವ ಸೀಸೆಯಲ್ಲಿ ತುಂಬಿ ಕಳಿಸಲೇಬಾರದು ಎಂದು ಶಿಫಾರಸು ಮಾಡಿತು. ಗಮನಿಸಿ: ಬಳಸಿದವನ ಕೈಗಷ್ಟೇ ಬೆರಳು ತೋರಿಸದೆ, ಸೀಸೆಯ ವಿನ್ಯಾಸವನ್ನೇ ಅದು ಪ್ರಶ್ನಿಸಿತು.

ಆದರೂ ಪಾಠ ಪೂರ್ತಿ ಉಳಿಯಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸಿರಿಯದ ಇದ್ಲಿಬ್ ಪ್ರದೇಶದಲ್ಲಿ ದಡಾರ ಲಸಿಕೆಗೆ ದ್ರಾವಕದ ಬದಲು ಸ್ನಾಯು ಸಡಿಲಿಸುವ ಔಷಧ ಬೆರೆತು 15 ಮಕ್ಕಳು ಸತ್ತರು. 2017ರ ಮೇ ತಿಂಗಳಲ್ಲಿ ದಕ್ಷಿಣ ಸುಡಾನಿನ ಕಪೊಯೆಟಾ ಪ್ರದೇಶದಲ್ಲಿ ತರಬೇತಿಯಿಲ್ಲದವರು ನಾಲ್ಕು ದಿನ ಒಂದೇ ಸಿರಿಂಜು ಬಳಸಿದರು, ಲಸಿಕೆಯನ್ನು ತಂಪಿನಲ್ಲಿ ಇಡಲಿಲ್ಲ. ಅಲ್ಲಿಯೂ 15 ಮಕ್ಕಳು ಸತ್ತರು. ಎರಡೂ ಯುದ್ಧಪೀಡಿತ ನಾಡುಗಳು. ಸಾಲಹಳ್ಳಿಯಲ್ಲಿ ಯುದ್ಧವಿರಲಿಲ್ಲ. ನಮ್ಮನ್ನು ಹೆಚ್ಚು ಕಾಡಬೇಕಾದದ್ದು ಇದೇ.

ಒಂದರ ಮೇಲೊಂದು ಜರಡಿ

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅವಘಡಗಳನ್ನು ವಿವರಿಸಲು ತೂತುಗಳಿರುವ ಚೀಸ್ ಹೋಳುಗಳ ಉಪಮೆ ಕೊಟ್ಟರು. ನಮಗೆ ಜರಡಿಯ ಉಪಮೆ ಹೊಂದುತ್ತದೆ. ಹಲವು ಜರಡಿಗಳನ್ನು ಒಂದರ ಮೇಲೊಂದು ಇಡಿ. ಪ್ರತಿಯೊಂದರಲ್ಲಿಯೂ ಎಲ್ಲೋ ಒಂದು ಕಡೆ ಹರಿದು ತೂತಾಗಿದೆ. ಒಂದರಲ್ಲಿ ನುಸುಳಿದ ಕಲ್ಲು ಮುಂದಿನದರಲ್ಲಿ ಸಿಕ್ಕಿಬೀಳುತ್ತದೆ. ಎಲ್ಲ ತೂತುಗಳೂ ಒಂದೇ ನೇರಕ್ಕೆ ಬಂದ ದಿನ ಕಲ್ಲು ಹಿಟ್ಟಿಗೆ ಬೀಳುತ್ತದೆ. ಆಗ ಕೊನೆಯ ಜರಡಿಯನ್ನು ಮಾತ್ರ ಬೈದು ಎಸೆದರೆ ಉಳಿದವುಗಳ ತೂತು ಹಾಗೆಯೇ ಇರುತ್ತದೆ. ನಮ್ಮ ಜರಡಿಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಶೀತಲ ಸರಪಳಿ. ಕಾರ್ಖಾನೆಯಿಂದ ಹಳ್ಳಿಯವರೆಗೆ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯುವ ಏರ್ಪಾಟು ಇದು. ‘ಇ-ವಿನ್’ ಎಂಬ ವಿದ್ಯುನ್ಮಾನ ಜಾಲ ದಾಸ್ತಾನನ್ನೂ ಫ್ರಿಜ್‌ಗಳ ಉಷ್ಣತೆಯನ್ನೂ ದಾಖಲಿಸುತ್ತದೆ. ಮೆಚ್ಚಬೇಕಾದ ಸಾಧನೆ. ಆದರೆ ಆ ಕಣ್ಣು ಆರೋಗ್ಯ ಕೇಂದ್ರದ ಫ್ರಿಜ್‌ನ ಬಾಗಿಲಿಗೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಾಲ್ಕು ಐಸ್‌ಪ್ಯಾಕಿನ ಡಬ್ಬಿ, ಬಸ್ಸು ಅಥವಾ ಬೈಕು, ಅಂಗನವಾಡಿಯ ಮೇಜು. ಸಾವಿರಾರು ಕಿಲೋಮೀಟರ್ ದಾರಿಗೆ ಮಾಪಕವಿದೆ. ಕೊನೆಯ ಹತ್ತು ಕಿಲೋಮೀಟರ್ ಮತ್ತು ಕೊನೆಯ ನಾಲ್ಕು ಗಂಟೆಗೆ ಇಲ್ಲ.

ಎರಡನೆಯದು ಸೀಸೆಯ ಮೇಲಿನ ಉಷ್ಣಸೂಚಕ. ವೃತ್ತದೊಳಗೆ ಒಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು, ಕಪ್ಪೇರಿದ್ದರೆ ಬಳಸಬಾರದು. ಅಕ್ಷರ ಬಾರದವರಿಗೂ ತಿಳಿಯುವ ಜಾಣ ಉಪಾಯ. ಆದರೆ ಅದು ಬಿಸಿಯನ್ನು ತೋರಿಸುತ್ತದೆ, ಬ್ಯಾಕ್ಟೀರಿಯವನ್ನಲ್ಲ. ಒಣಪುಡಿಯ ಲಸಿಕೆಗಳಲ್ಲಿ ಅದು ಮುಚ್ಚಳದ ಮೇಲಿರುತ್ತದೆ. ಮುಚ್ಚಳ ತೆಗೆದ ಮೇಲೆ ಅದೂ ಹೋಯಿತು.

ಮೂರನೆಯದು ಡಬ್ಬಿಯ ಮರುಪ್ರಯಾಣ. ಬೆಳಿಗ್ಗೆ ಲಸಿಕೆ ಡಬ್ಬಿಯನ್ನು ತಲುಪಿಸಿ, ಸಂಜೆ ತೆರೆದ ಸೀಸೆ, ತೆರೆಯದ ಸೀಸೆ ಎರಡನ್ನೂ ಆರೋಗ್ಯ ಕೇಂದ್ರಕ್ಕೆ ಮರಳಿ ತರಲು ಒಬ್ಬರು ಇರಬೇಕೆಂಬುದು ಕಾರ್ಯಕ್ರಮದ ನಿಯಮ. ಆ ವ್ಯಕ್ತಿ ಬಾರದ ದಿನ ಏನಾಗುತ್ತದೆ? ಊರಲ್ಲಿ ಯಾರ ಮನೆಯಲ್ಲಿ, ಯಾವ ಅಂಗಡಿಯಲ್ಲಿ ಫ್ರಿಜ್ ಇದೆ ಎಂದು ಹುಡುಕುವ ಸ್ಥಿತಿ ಬರುತ್ತದೆ. ಬೇರೆಯವರ ಫ್ರಿಜ್‌ಗೆ ಲಸಿಕೆ ಹೋಯಿತೆಂದರೆ ಮರಳಿ ಒಯ್ಯುವ ಏರ್ಪಾಟು ಆ ದಿನ ಕೆಲಸ ಮಾಡಲಿಲ್ಲ ಎಂದೇ ಅರ್ಥ.

ನಾಲ್ಕನೆಯದು ಸಿಬ್ಬಂದಿಯ ಹೊರೆ. ಆ ತಿಂಗಳ ದಿನಗಳನ್ನು ನೆನಪಿಸಿಕೊಳ್ಳಿ. 2022ರ ಜನವರಿ 3ರಂದು 15ರಿಂದ 18 ವರ್ಷದವರಿಗೆ ಕೋವಿಡ್ ಲಸಿಕೆ ಆರಂಭವಾಗಿತ್ತು. ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಆರಂಭವಾಯಿತು. ಮೂರನೆಯ ಅಲೆ ಏರುತ್ತಿತ್ತು. ಕೆಲಸಗಳು ಕೂಡುತ್ತ ಹೋದವು, ಸೂಜಿ ಹಿಡಿಯುವ ಕೈಗಳು ಅವೇ. ಇದರಿಂದಲೇ ಅವಘಡವಾಯಿತು ಎಂದು ಹೇಳುತ್ತಿಲ್ಲ. ಆದರೆ ಇದನ್ನು ಕೇಳದ ತನಿಖೆ ತನಿಖೆಯಲ್ಲ.

ವ್ಯರ್ಥದ ಭಯ

ಐದನೆಯ ಜರಡಿಯ ತೂತು ಕಣ್ಣಿಗೆ ಬೀಳುವುದೇ ಇಲ್ಲ. ಅದು ವ್ಯರ್ಥವಾಗುವ ಲಸಿಕೆಯ ಲೆಕ್ಕ. ರನ್ನ ಬೆಳಗಲಿಯ ಒಂದು ಅಂಗನವಾಡಿಗೆ ಆ ದಿನ ಎಂ.ಆರ್. ಹಾಕಿಸಬೇಕಾದ ಮಕ್ಕಳು ನಾಲ್ವರು ಎಂದು ಊಹಿಸಿ. ಸೀಸೆಯಲ್ಲಿ 10 ಡೋಸ್. ನಾಲ್ಕು ಬಳಸಿ ಆರನ್ನು ಚೆಲ್ಲಬೇಕು. ಅಂದರೆ ನೂರಕ್ಕೆ 60 ಭಾಗ ನಷ್ಟ. ಒಂದೇ ಮಗು ಬಂದರೂ ಸೀಸೆ ತೆರೆಯಿರಿ ಎಂದು ನಿಯಮ ಹೇಳುತ್ತದೆ. ಅದೇ ವೇಳೆ ‘ಇಷ್ಟೇಕೆ ವ್ಯರ್ಥವಾಯಿತು?’ ಎಂದು ತಿಂಗಳ ಸಭೆಯಲ್ಲಿ ಕೇಳಿದರೆ ಆ ಆರೋಗ್ಯ ಕಾರ್ಯಕರ್ತೆ ಏನು ಮಾಡಬೇಕು? ಪಕ್ಕದ ಊರಲ್ಲಿ ನಾಳೆ ಇನ್ನು ಮೂರು ಮಕ್ಕಳಿವೆ. ಉಳಿಸಿದರೆ ಉಳಿತಾಯ ಎಂದು ಮನಸ್ಸು ಹೇಳುತ್ತದೆ. ಅನ್ನ ಚೆಲ್ಲಬಾರದೆಂದು ಬೆಳೆದ ಕೈಗೆ ಲಸಿಕೆ ಚೆಲ್ಲುವುದು ಸುಲಭವಲ್ಲ.

ಆದ್ದರಿಂದ ನಾಲ್ಕು ಗಂಟೆಯ ಬಳಿಕ ಬದಿಗಿಟ್ಟ ಎಂ.ಆರ್. ಡೋಸನ್ನು ‘ವ್ಯರ್ಥ’ ಎಂಬ ಅಂಕಣದಲ್ಲಿ ಬರೆಯುವುದೇ ತಪ್ಪು. ಅದನ್ನು ‘ಸುರಕ್ಷತೆಗಾಗಿ ತೆಗೆದದ್ದು’ ಎಂದು ಬರೆಯಲಿ. ಚಿಕ್ಕ ಊರುಗಳಿಗೆ 5 ಡೋಸ್‌ನ ಸೀಸೆಗಳನ್ನು ಹೆಚ್ಚಾಗಿ ಕಳಿಸಲಿ. ಬೆಲೆ ತುಸು ಹೆಚ್ಚಾಗಬಹುದು. ಮಗುವಿನ ಬೆಲೆಯೊಡನೆ ಅದನ್ನು ತೂಗಿ ನೋಡಬೇಕಾಗಿಲ್ಲ.

ಅಮಾನತು ಉತ್ತರವೇ?

ಈಗ ಮುಖ್ಯ ಆಕ್ಷೇಪಕ್ಕೆ ಬರೋಣ. ‘ಹಾಗಾದರೆ ತಪ್ಪು ಮಾಡಿದವರನ್ನು ಬಿಟ್ಟುಬಿಡಬೇಕೇ? ಶಿಕ್ಷೆಯ ಭಯವಿಲ್ಲದಿದ್ದರೆ ಎಚ್ಚರ ಎಲ್ಲಿಂದ ಬಂದೀತು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೊತ್ತಿದ್ದೂ ನಿಯಮ ಮುರಿದವರು ಉತ್ತರ ಕೊಡಲೇಬೇಕು. ಮಗುವನ್ನು ಕಳೆದುಕೊಂಡ ತಾಯಿಗೆ ವ್ಯವಸ್ಥೆಯ ಪಾಠ ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಆದರೆ ಶಿಕ್ಷೆ ತನಿಖೆಯ ಕೊನೆಯಲ್ಲಿ ಬರಬೇಕಾದದ್ದು; ನಮ್ಮಲ್ಲಿ ಅದು ಮೊದಲೇ ಬಂದು, ಅಲ್ಲಿಗೆ ಜನರ ಕುತೂಹಲ ಮುಗಿದುಬಿಡುತ್ತದೆ. ಅದರ ಫಲ ಎರಡು. ಒಂದು, ಉಳಿದ ನಾಲ್ಕು ಜರಡಿಗಳ ತೂತು ಹೊಲಿಯುವವರಿಲ್ಲ. ಎರಡು, ನಾಳೆ ಇನ್ನೊಂದು ಊರಿನಲ್ಲಿ ಸಣ್ಣ ತಪ್ಪು ನಡೆದು ಅದೃಷ್ಟದಿಂದ ಯಾರಿಗೂ ಏನೂ ಆಗದಿದ್ದರೆ, ಆ ಸಿಬ್ಬಂದಿ ಅದನ್ನು ಹೇಳಿಕೊಳ್ಳುವುದಿಲ್ಲ. ಅಂಥ ತಪ್ಪಿದ ಅವಘಡಗಳ ವರದಿಯೇ ಮುಂದಿನ ಸಾವನ್ನು ತಡೆಯುವ ಔಷಧ. ಭಯ ಆ ಔಷಧದ ಮುಚ್ಚಳವನ್ನು ಬಿಗಿದುಬಿಡುತ್ತದೆ.

ಭಯಕ್ಕಿಂತ ವಿನ್ಯಾಸ ಮೇಲು ಎಂಬುದಕ್ಕೆ ನಮ್ಮ ಕಾರ್ಯಕ್ರಮದಲ್ಲಿಯೇ ನಿದರ್ಶನವಿದೆ. ಒಂದು ಕಾಲಕ್ಕೆ ಗಾಜಿನ ಸಿರಿಂಜನ್ನು ಕುದಿಸಿ ಮತ್ತೆ ಮತ್ತೆ ಬಳಸುತ್ತಿದ್ದರು. 2005ರ ಆಸುಪಾಸಿನಲ್ಲಿ ಒಮ್ಮೆ ಬಳಸಿದರೆ ತಾನೇ ಬಿಗಿದುಕೊಳ್ಳುವ ಸಿರಿಂಜು ಬಂತು. ಎರಡನೆಯ ಮಗುವಿಗೆ ಅದನ್ನು ಬಳಸಬೇಕೆಂದರೂ ಆಗುವುದಿಲ್ಲ. ಉಪದೇಶ ಬೇಕಿಲ್ಲ, ಅಮಾನತು ಬೇಕಿಲ್ಲ. ಸೀಸೆ ಮಾತ್ರ ಇನ್ನೂ ಹಾಗೆ ತಾನೇ ಬಿಗಿದುಕೊಳ್ಳುವುದನ್ನು ಕಲಿತಿಲ್ಲ. ದ್ರಾವಕವೂ ಸೂಜಿಯೂ ಬೇಡದ, ಚರ್ಮಕ್ಕೆ ಅಂಟಿಸುವ ಎಂ.ಆರ್. ಪಟ್ಟಿಯ ಪರೀಕ್ಷೆ ಆಫ್ರಿಕದ ಗ್ಯಾಂಬಿಯ ದೇಶದ ಮಕ್ಕಳಲ್ಲಿ ನಡೆದು, 2024ರಲ್ಲಿ ಆಶಾದಾಯಕ ಫಲಿತಾಂಶ ಪ್ರಕಟವಾಗಿದೆ. ಅದು ನಮ್ಮ ಅಂಗನವಾಡಿಗೆ ಬರುವವರೆಗೆ ಒಂದು ಪೆನ್ನು ಸಾಕು, ಸೀಸೆ ತೆರೆದ ಹೊತ್ತನ್ನು ಅದರ ಮೇಲೆ ಬರೆಯಲು.

ಗುಣಮಟ್ಟದ ಅಂಕಪಟ್ಟಿ

ಸರ್ಕಾರ ಸುಮ್ಮನೆ ಕುಳಿತಿಲ್ಲ. ಮಕ್ಕಳ ಆರೋಗ್ಯ ಸೇವೆಯ ಗುಣಮಟ್ಟಕ್ಕಾಗಿಯೇ ಕೇಂದ್ರ ಸರ್ಕಾರ 2021ರಲ್ಲಿ ‘ಮುಸ್ಕಾನ್’ ಎಂಬ ಕಾರ್ಯಕ್ರಮ ಆರಂಭಿಸಿತು. ಆಸ್ಪತ್ರೆಯ ನವಜಾತ ಶಿಶು ಘಟಕ, ಬಾಣಂತಿಯರ ವಾರ್ಡು, ಮಕ್ಕಳ ಹೊರರೋಗಿ ವಿಭಾಗ, ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರ ಇವುಗಳನ್ನು ಅಳೆದು ಅಂಕ ಕೊಟ್ಟು ಪ್ರಮಾಣಪತ್ರ ನೀಡುವ ಏರ್ಪಾಟು. ಒಳ್ಳೆಯ ಹೆಜ್ಜೆ. ಆದರೆ ಆರೋಗ್ಯವಂತ ಮಗುವಿಗೆ ಆರೋಗ್ಯ ಸೇವೆಯೆಂದರೆ ಬಹುಪಾಲು ಅಂಗನವಾಡಿಯಲ್ಲಿ ಸಿಗುವ ಸೇವೆಯೇ. ಅಂಕಪಟ್ಟಿಯ ಬೆಳಕು ಆಸ್ಪತ್ರೆಯ ಒಳಗೆ ಬಿದ್ದಷ್ಟು ಪ್ರಖರವಾಗಿ ಆ ಮೇಜಿನ ಮೇಲೆ ಬೀಳುತ್ತಿಲ್ಲ. 2025ರ ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನದ ವಿಷಯ ‘ಪ್ರತಿ ನವಜಾತ ಶಿಶುವಿಗೂ ಪ್ರತಿ ಮಗುವಿಗೂ ಸುರಕ್ಷಿತ ಆರೈಕೆ’ ಎಂಬುದಾಗಿತ್ತು. ‘ಪ್ರತಿ ಮಗು’ ಎಂದರೆ ಕಬ್ಬು ಕಡಿಯಲು ಬಂದವರ ಗುಡಿಸಿಲಿನ ಮಗುವೂ ಸೇರಿತು. ಆ ಮಗುವಿನ ಬಳಿಗೆ ಲಸಿಕೆ ಡಬ್ಬಿ ಹೋಗುವ ದಾರಿಯೇ ಎಲ್ಲಕ್ಕಿಂತ ಉದ್ದ.

ನೀವೇನು ಮಾಡಬಹುದು?

ಓದುಗರು ಕೈಕಟ್ಟಿ ಕೂರಬೇಕಿಲ್ಲ. ಮುಂದಿನ ಬಾರಿ ಲಸಿಕೆಗೆ ಹೋದಾಗ ಮೃದುವಾಗಿ ಒಂದು ಮಾತು ಕೇಳಿ. ನಮ್ಮ ಕಡೆಯ ಮಾತಿನಲ್ಲಿ: ‘ಅಕ್ಕಾರ, ಈ ಬಾಟ್ಲಿ ಎಷ್ಟ ಗಂಟೇಕ್ಕ ಬಿಚ್ಚೀರಿ?’ ಇದು ಅನುಮಾನದ ಪ್ರಶ್ನೆಯಲ್ಲ. ಒಳ್ಳೆಯ ಕೆಲಸಗಾರ್ತಿಗೆ ಇದರಿಂದ ಬಲ ಬರುತ್ತದೆ. ‘ಊರವರು ಕೇಳುತ್ತಾರೆ’ ಎಂದು ಆಕೆ ಮೇಲಿನವರಿಗೆ ಹೇಳಬಹುದು.

ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕೂತಿರಿ. ಎಂ.ಆರ್. ಲಸಿಕೆಯಿಂದ ಬರಬಹುದಾದ ಸಣ್ಣ ಜ್ವರ ಸಾಮಾನ್ಯವಾಗಿ ಒಂದು ವಾರದ ಆಚೀಚೆ ಬರುತ್ತದೆ. ಅದೇ ದಿನ ಡಿ.ಪಿ.ಟಿ. ಕೂಡ ಹಾಕಿದ್ದರೆ ಅಂದೇ ಜ್ವರ ಬರಬಹುದು, ಅದು ಸಹಜ. ಆದರೆ ಲಸಿಕೆ ಹಾಕಿದ ಕೆಲವೇ ಗಂಟೆಗಳಲ್ಲಿ ಜೋರು ಜ್ವರದೊಡನೆ ಮೇಲಿಂದ ಮೇಲೆ ವಾಂತಿ, ನೀರಿನಂಥ ಭೇದಿ ಕಾಣಿಸಿದರೆ, ಮಗು ಸೊರಗಿದರೆ, ಬೆಳಗಾಗಲಿ ಎಂದು ಕಾಯಬೇಡಿ. ತಾಯಿ ಕಾರ್ಡು ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ, ಆಶಾ ಕಾರ್ಯಕರ್ತೆಗೂ ತಿಳಿಸಿ. ಅದೇ ಸೀಸೆಯ ಮದ್ದು ಪಡೆದ ಉಳಿದ ಮಕ್ಕಳನ್ನು ಬೇಗ ನೋಡಲು ಅದರಿಂದ ಸಾಧ್ಯವಾಗುತ್ತದೆ.

ಪಂಚಾಯಿತಿಯಲ್ಲಿ, ಗ್ರಾಮ ಆರೋಗ್ಯ ಸಮಿತಿಯಲ್ಲಿ ಇರುವವರು ಇನ್ನೂ ಎರಡು ಪ್ರಶ್ನೆ ಕೇಳಲಿ. ಸಂಜೆ ಲಸಿಕೆ ಡಬ್ಬಿಯನ್ನು ಮರಳಿ ಒಯ್ಯುವವರು ಯಾರು? ಅವರು ಬಾರದಿದ್ದರೆ ಬೇರೆ ಯಾರು? ಈ ಎರಡು ಹೆಸರು ಅಂಗನವಾಡಿಯ ಗೋಡೆಯ ಮೇಲೆ ಬರೆದಿದ್ದರೆ ಯಾರೂ ಹೋಟೆಲಿನ ಫ್ರಿಜ್ ಹುಡುಕಬೇಕಾಗುವುದಿಲ್ಲ.

ರಾಮದುರ್ಗದ ಮೂರು ಕೂಸುಗಳು ಇದ್ದಿದ್ದರೆ ಈಗ ಶಾಲೆಯ ಮೆಟ್ಟಿಲು ಹತ್ತಿರುತ್ತಿದ್ದವು. ಯಾರು ಅಮಾನತಾದರು ಎಂಬುದು ನಮ್ಮ ನೆನಪಿನಲ್ಲಿದೆ. ಏನು ಬದಲಾಯಿತು ಎಂಬುದನ್ನು ನಿಮ್ಮ ಊರಿನ ಅಂಗನವಾಡಿಗೆ ಹೋಗಿ, ಮೇಜಿನ ಮೇಲಿನ ಸೀಸೆಯನ್ನು ನೋಡಿ ತಿಳಿಯಿರಿ. ಅದರ ಮೇಲೆ ತೆರೆದ ಹೊತ್ತು ಬರೆದಿದೆಯೇ?